ಹುಳಿ ಅಂಬಲಿಯಲ್ಲಿ ಉಳಿದ ಜೀವ

ಮಕ್ತಲದ ನಮ್ಮ ಓಣಿಯಲ್ಲಿ ಮಕ್ಕಳಿಗೆ ಹೊಟ್ಟೆನೋವು ಬಂದರೆ ಮೊದಲು ತಟ್ಟುವುದು ಮಹಾಂತಮ್ಮನ ಬಾಗಿಲು. ಜೋಳದ ಅಂಬಲಿಯನ್ನು ಮೂರು ದಿನ ಹುಳಿ ಬರಿಸಿ, ಜಂತುಹುಳ ಸಾಯಲೆಂದು ಕುಡಿಸುತ್ತಾಳೆ. ಮೂವತ್ತು ವರ್ಷಗಳಿಂದ ಇದೇ ನಡೆದಿದೆ. ಅವಳ ಮಾತು ನಂಬಿ ಎದುರುಮನೆಯ ಸುಗುಣಮ್ಮ, ಶಾಲೆಯಲ್ಲಿ ಹುಳದ ಗುಳಿಗೆ ಕೊಟ್ಟ ದಿನ ಮೊಮ್ಮಗಳನ್ನು ಕಳಿಸಲೇ ಇಲ್ಲ. ಆರು ವರ್ಷದ ಐಶ್ವರ್ಯಳ ಹೊಟ್ಟೆ ಉಬ್ಬುತ್ತಿತ್ತು, ಕೈಕಾಲು ಸೊರಗುತ್ತಿದ್ದವು.

ಗದ್ವಾಲದ ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟು ಲ್ಯಾಕ್ಟಿಕ್ ಆಮ್ಲದ ಮೇಲೆ. ಮೊಸರು, ಅಂಬಲಿಗಳನ್ನು ಹುಳಿ ಮಾಡುವ ಆಮ್ಲ ಅದು. ಅದರಲ್ಲಿ ಜಂತುಹುಳದ ಮೊಟ್ಟೆ ಸಾಯುತ್ತದೆಯೇ ಎಂದು ನೋಡಬೇಕಿತ್ತು. ಮನುಷ್ಯರ ಜಂತುಹುಳಕ್ಕೆ ಹತ್ತಿರದ ಜಾತಿಯೊಂದು ಕೋಳಿಯ ಕರುಳಿನಲ್ಲಿರುತ್ತದೆ. ಅದರ ಮೊಟ್ಟೆಗಳನ್ನು ಎರಡು ವಾರ ನೀರಿನಲ್ಲಿ ಬಲಿಸಿದ್ದೆ. ಮಹಾಂತಮ್ಮನಲ್ಲಿ ಅಂಬಲಿ ಕೇಳಿದೆ.

"ಕೋಳಿ ಕರುಳಿನ ಹತ್ರ ನನ್ನ ಗಡಿಗಿ ಬರಾಂಗಿಲ್ಲ ನವನೀತಾ. ಬಾಟ್ಲಿ ತಂದು ಒಯ್ಯಿ. ಹುಳ ಸತ್ತ ಮ್ಯಾಲ ನನಗ ತೋರ್ಸು."

ಮೊಟ್ಟೆಗಳನ್ನು ಆ ಅಂಬಲಿಯಲ್ಲಿಟ್ಟು ಐದು ದಿನ ಕಳೆದ ಮೇಲೆ ಆಕೆ ನನ್ನೊಡನೆ ಬಸ್ಸು ಹತ್ತಿ ಕಾಲೇಜಿಗೆ ಬಂದಳು. ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣಿಟ್ಟು, ಇನ್ನೊಂದನ್ನು ಸೆರಗಿನಿಂದ ಮುಚ್ಚಿಕೊಂಡಳು. ಗಾಜಿನಷ್ಟು ತಿಳಿಯಾದ ಚಿಪ್ಪಿನೊಳಗೆ ನೂಲಿನ ಸುರುಳಿಯಂತೆ ಮರಿಹುಳ. ಅದು ಮೆಲ್ಲಗೆ ಹೊರಳಿತು.

ಮಹಾಂತಮ್ಮ ಕಣ್ಣು ತೆಗೆಯದೆ ಕೇಳಿದಳು. "ಇದು ನನ್ನ ಅಂಬಲ್ಯಾಗಿಂದೇನು?"

"ಹೌದ್ರಿ ಅವ್ವ. ಐದು ದಿನ ಆತು."

"ಇಷ್ಟು ಹುಳ್ಯಾಗ ಮಲಗಿ ಎದ್ದೈತಲ್ಲ. ಎಂಥಾ ಜೀವ ಇದು." ಮತ್ತೆ ಬಗ್ಗಿ ಬಹಳ ಹೊತ್ತು ನೋಡಿದಳು. ದಿನವೂ ನೋಡುತ್ತಿದ್ದ ನನಗೂ ಅಂದೇ ಅದರ ಹೊರಳಾಟ ಅಚ್ಚರಿ ತಂದಿತು. "ಹೊಟ್ಟ್ಯಾಗಿನ ದೊಡ್ಡ ಹುಳ ಅಂಬಲಿಗೆ ಸಾಯ್ತಾವೇನು?" ಎಂದು ಕೇಳಿದಳು.

"ಅದನ್ನ ನಾ ನೋಡಿಲ್ರಿ. ಗುಳಿಗಿಗಿ ಸಾಯ್ತಾವು ಅನ್ನೋದು ಮಾತ್ರ ಗೊತ್ತೈತಿ."

ಜೂರಾಲದ ಅಣೆಕಟ್ಟು ದಾಟಿ ಮಕ್ತಲಕ್ಕೆ ಮರಳಿದೆವು. ಬಸ್ಸಿಳಿದ ಮಹಾಂತಮ್ಮ ತನ್ನ ಮನೆಗೆ ಹೋಗದೆ ಸುಗುಣಮ್ಮನ ಕಟ್ಟೆಗೆ ಹೋದಳು.

"ಸುಗುಣಾ, ಇಷ್ಟು ವರ್ಷ ನೋಡದನ ಹೇಳೀನಿ. ಇವತ್ತು ಕಣ್ಣಿಲೆ ನೋಡಿ ಬಂದೀನಿ. ಹುಡುಗಿಗಿ ಗುಳಿಗಿ ನುಂಗಸು."

"ಊರಿಗೆಲ್ಲ ಕುಡಿಸಿ ಈಗ ಹೇಳ್ತಿಯಲ್ಲ ಅಕ್ಕ?"

"ಹೌದವ್ವ, ತಪ್ಪು ನಂದ. ಬೈಯಿ. ಆದ್ರ ನಾಳಿ ದವಾಖಾನಿಗೆ ನಡಿ."

ಆಮೇಲೆ ಪಕ್ಕದ ಮನೆ, ಅದರಾಚೆಯ ಮನೆ. ಪ್ರತಿ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದಳು.

ಮರುದಿನ ದವಾಖಾನೆಯಲ್ಲಿ ಐಶ್ವರ್ಯ ಮುಖ ಕಿವುಚುತ್ತ ಗುಳಿಗೆ ಅಗಿದಳು. ಗದ್ದ ಹಿಡಿದು, ಬಾಯಿ ತೆರೆಸಿ, ನಾಲಿಗೆಯಡಿಯಲ್ಲಿ ಏನೂ ಉಳಿದಿಲ್ಲವೆಂದು ನೋಡಿದವಳು ಮಹಾಂತಮ್ಮ.