ಬಜಗೋಳಿಯ ಗಿಡ್ಡ ಗೋಡೆ

ಹೊಸ ಶಾಲೆಯ ಕಟ್ಟಡಕ್ಕೆ ನಾನು ಬರೆದ ನಕ್ಷೆ ಹಿಡಿದು ಬಜಗೋಳಿಯಲ್ಲಿ ಬಸ್ಸಿಳಿದೆ. ಹಳೆಯ ಶಾಲೆಗೆ ಹೆಂಚಿನ ಮಾಡು, ಮೊಣಕಾಲೆತ್ತರದ ಕೆಂಪು ಮುರಕಲ್ಲಿನ ಗೋಡೆ. ಹೊರಗಿನ ಜಗಲಿಯಲ್ಲಿ ಕುಳಿತು ಹೆಂಗಸರು ಬೀಡಿ ಕಟ್ಟುತ್ತಿದ್ದರು. ಕಣ್ಣೆಲ್ಲ ಒಳಗಿನ ಬೋರ್ಡಿನ ಮೇಲೆ. ಬೆರಳುಗಳು ನೋಡದೆಯೇ ಎಲೆ ಸುತ್ತುತ್ತಿದ್ದವು. ಟೀಚರು ಅಕ್ಷರ ಓದಿಸಿದಾಗ ಹೊರಗೂ ತುಟಿಗಳು ಅಲುಗಿದವು.

"ಹೊಸದಕ್ಕೆ ಗೋಡೆ ಎಷ್ಟು ಎತ್ತರ?" ಒಬ್ಬಾಕೆ ಕೇಳಿದರು.

"ಮಾಡಿನವರೆಗೂ ಉಂಟು. ದೊಡ್ಡ ಕಿಟಕಿ, ಗಾಳಿ ಧಾರಾಳ."

"ಗಾಳಿ ಇಲ್ಲಿಯೂ ಉಂಟು ಮಾರಾಯ್ರೆ. ಕೂತಲ್ಲಿಗೆ ನಮಗೆ ಬೋರ್ಡು ಕಾಣಬೇಕಲ್ವಾ?"

ನಕ್ಷೆ ಮಡಚಿ ಅವರ ಪಕ್ಕದಲ್ಲೇ ಕುಳಿತೆ. ಕಾಪುವಿನಲ್ಲಿ ಅಮ್ಮನೂ ನಾನು ಕಲಿತ ಶಾಲೆಯ ಹೊರಗೇ ಬೀಡಿ ಕಟ್ಟುತ್ತಿದ್ದಳು. ತನ್ನ ಹೆಸರು ತಾನೇ ಬರೆಯುವ ಆಸೆ ಅವಳಿಗೆ ಕೊನೆಯವರೆಗೂ ಇತ್ತು. ಆ ಶಾಲೆಯ ಗೋಡೆ ಎತ್ತರವಾಗಿತ್ತು.