ಹುಮನಾಬಾದಿನ ಶಿಂದಿ ಅಂಗಡಿಯೂ ನಮ್ಮ ಬೀಗರ ಮೀಸೆಯೂ

...ಹಾಂ, ಆ ಅಂಗಡಿಯ ಬಾಗಿಲು ಯಾವ ಕಡೆಗಿತ್ತು ಎಂಬಲ್ಲಿಗೆ ನಿನ್ನೆ ಜಗಳ ನಿಂತಿತ್ತಲ್ಲ, ಅದು ಇವತ್ತು ತೀರಿತು.

ನಿನ್ನೆ ಓದದವರಿಗೆ ಹೇಳುತ್ತೇನೆ. ಹುಮನಾಬಾದಿನ ಹಳೆಯ ಶಿಂದಿ ಅಂಗಡಿಯ ಬಗ್ಗೆ ಬರೆದಿದ್ದೆ. ಈಚಲ ಮರದ ಹೆಂಡ, ಮಣ್ಣಿನ ಗಡಿಗೆ, ಜೊತೆಗೆ ಖಾರದ ಕಡಲೆ... ಮುಚ್ಚಿ ಎಷ್ಟೋ ಕಾಲವಾಯಿತು.

ಬಾಗಿಲು ಬಜಾರ್ ರಸ್ತೆಗಿತ್ತು ಎಂದು ನಾನು ಬರೆದೆ. ಕೆಳಗೆ ನಮ್ಮ ಬೀಗರು ಶರಣಪ್ಪನವರು, ಅಂದರೆ ನನ್ನ ಮಗಳ ಮಾವ, ಕಾಮೆಂಟ್ ಹಾಕಿದರು: ತಪ್ಪು, ಹಿಂದಿನ ಓಣಿಗಿತ್ತು.

ಕಾಲೇಜು ಬಿಟ್ಟು ಅದೇ ಬಜಾರಿನ ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದವನು ನಾನು. ಸಂಜೆ ರಾಜಾರೋಷವಾಗಿ ಆ ಬಾಗಿಲಿನಿಂದಲೇ ಒಳಗೆ ಹೋಗಿ ಕೂರುತ್ತಿದ್ದೆ. ಬೀಗರೋ ಹಣೆತುಂಬ ವಿಭೂತಿಯವರು, ಜನ್ಮದಲ್ಲಿ ಸೋಡಾ ದಾಟಿ ಮುಂದೆ ಹೋಗಿಲ್ಲ ಎನ್ನುವವರು. ಇವರಿಗೇನು ಗೊತ್ತು?

ಮಾತಿಗೆ ಮಾತು ಬೆಳೆದು, ಸೋತವರು ಮೀಸೆ ಬೋಳಿಸಬೇಕೆಂದು ಪಂಥವಾಯಿತು.

ನನ್ನ ಮೀಸೆಯ ಮಾತು ಬಿಡಿ. ಅದಕ್ಕೆ ವಿರೋಧ ಪಕ್ಷವೆಂದರೆ ನನ್ನಾಕೆ ಒಬ್ಬಳೇ. ಆಕೆ ಹೋದ ಮೇಲೆ ಅದು ತನ್ನ ಪಾಡಿಗೆ ತಾನಿದೆ.

ಬೀಗರದು ಹಾಗಲ್ಲ. ಬೆಳ್ಳಗೆ, ದಪ್ಪಗೆ, ತುದಿ ತಿರುವಿದ್ದು. ಬರುವ ಭಾನುವಾರ ನಮ್ಮಿಬ್ಬರ ಮೊಮ್ಮಗನ ತೊಟ್ಟಿಲು ಬೇರೆ. ನೆಂಟರೆಲ್ಲ ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಬೋಳು ಮುಖ ನೋಡಿದರೆ ಯಾರು ತೀರಿಕೊಂಡರು ಎಂದು ಕೇಳುತ್ತಾರೆ.

ಬೆಳಿಗ್ಗೆ ಬಸವಕಲ್ಯಾಣದಲ್ಲಿ ಇಬ್ಬರೂ ಬಸ್ಸು ಹತ್ತಿದೆವು. ಸೀಯಿಂಗ್ ಈಸ್ ಬಿಲೀವಿಂಗ್, ಬಟ್... ಬಟ್ ಏನೋ ಇತ್ತು, ಮರೆತಿದೆ.

ನೋಡಲು ಹೋದರೆ ಅಲ್ಲೇನಿದೆ? ಬಜಾರಿನ ಕಡೆ ಮೊಬೈಲ್ ಅಂಗಡಿ, ಬರೀ ಗಾಜು. ಹಿಂದಿನ ಓಣಿಯಲ್ಲಿ ಗೋಲಿ ಸೋಡಾ ಅಂಗಡಿ ಇದ್ದ ಜಾಗದಲ್ಲಿ ಝೆರಾಕ್ಸ್ ಅಂಗಡಿ.

ಅದರ ಎದುರಿಗೇ ಬೀಗರ ಅಕ್ಕ ನಾಗಮ್ಮನವರ ಮನೆ. ತಾಯಿಯಿಲ್ಲದ ತಮ್ಮನನ್ನು ಘಾಟಬೋರಾಳದಿಂದ ಕರೆತಂದು, ಇಲ್ಲೇ ಇಟ್ಟುಕೊಂಡು ಓದಿಸಿದವರು. ಇವತ್ತಿಗೂ ಅಕ್ಕ ಕೂರು ಎನ್ನುವವರೆಗೆ ಬೀಗರು ಕೂರುವುದಿಲ್ಲ.

ಅಕ್ಕನೇ ಜಡ್ಜ್ ಎಂದೆ ನಾನು. ಬೀಗರ ಮುಖ ಅಲ್ಲೇ ಇಳಿಯಿತು.

"ಶಿಂದಿ ಅಂಗಡಿ ಬಾಗಲಾ? ಬಜಾರಕ್ಕಿತ್ತಲ್ರಿ ಬೀಗರ. ಈ ಓಣ್ಯಾಗ ಸೋಡಾ ಅಂಗಡಿ ಅಷ್ಟ ಇತ್ತು," ಎಂದರು ಅಕ್ಕ.

ನಾನು ಮೀಸೆ ಸವರಿಕೊಂಡೆ. ಬೀಗರು ಬಾಯಿ ತೆರೆದರು, ಅಕ್ಕನನ್ನು ನೋಡಿದರು, ಮುಚ್ಚಿದರು.

"ಓಣಿಗಿ ಬಾಗಲ ಇತ್ತಂತ ನಿಮಗ ಹ್ಯಾಂಗ ಗೊತ್ತು, ಹೇಳ್ರಲ್ಲ," ಎಂದೆ.

"ಬಿಡ್ರಿ, ನಾನೇ ಸೋತೀನಿ. ನಡೀರಿ ಕಟಿಂಗ್ ಅಂಗಡಿಗಿ," ಎಂದವರೇ ಟೋಪಿ ಎತ್ತಿಕೊಂಡು ಹೊರಟೇಬಿಟ್ಟರು.

ಯಾಕೆ ಎಂದು ಅಕ್ಕ ಕೇಳಿದರು. ಪಂಥದ ಸಂಗತಿ ಹೇಳಿದೆ.

ಅಕ್ಕ ಎಲೆಅಡಿಕೆಯನ್ನು ದವಡೆಯ ಆಚೆ ಸರಿಸಿದರು. "ಕೂಡೋ ಶರಣ್ಯಾ. ಮೀಸಿ ಹೋದ್ರೂ ಚಿಂತಿಲ್ಲ, ಅಕ್ಕಗ ಗೊತ್ತಾಗಬಾರದು, ಹೌದಿಲ್ಲೋ? ಸೋಡಾ ಅಂಗಡಿ ಒಳಗಿಂದ ಶಿಂದಿ ಅಂಗಡಿಗಿ ಹೋಗಾಕ ಸಣ್ಣ ಬಾಗಲ ಇತ್ರಿ ಬೀಗರ. ಇಜ್ಜತ್ ಮಂದಿ ಎಲ್ಲಾ ಹೀಂಗ ಸೋಡಾ ಕುಡ್ಯಾಕ ಬರತಿದ್ರು. ಮುಂಜಾನಿ ಮಾಳಿಗಿ ಮ್ಯಾಲ ಹಪ್ಪಳ ಒಣಸ್ಕೋತ ನೋಡತಿದ್ದೆ ನಾ. ಒಂದು ಸೋಡಾಕ್ಕ ಎರಡು ತಾಸು ಬೇಕಾಗತಿತ್ತು ಇವಗ."

ಅಂದರೆ ಎರಡೂ ಬಾಗಿಲು ನಿಜ. ನಡುವೆ ಬಿದಿರಿನ ತಟ್ಟಿ ಕಟ್ಟಿದ್ದರಂತೆ. ಈ ಕಡೆಯವರಿಗೆ ಆ ಕಡೆ ಕಾಣುತ್ತಿರಲಿಲ್ಲ. ಎರಡೂ ಮೀಸೆ ಉಳಿದವು.

ಬೀಗರು ತಲೆ ತಗ್ಗಿಸಿ ಕೂತಿದ್ದರು. ಇನ್ನು ಬೈಗುಳ ಶುರುವಾಗುತ್ತದೆ ಎಂದುಕೊಂಡೆ ನಾನು.

ಅಕ್ಕ ಹತ್ತಿರ ಸರಿದು ದನಿ ತಗ್ಗಿಸಿದರು. "ಅದಿರಲಿ... ಹ್ಯಾಂಗಿರತಿತ್ತೋ ಅದು? ಮದಿವ್ಯಾಗಿ ಬಂದಾಗಿಂದ ಬರೇ ವಾಸನಿ ತೊಗೊಂಡೀನಿ ನಾ."

ಸಿಹಿ ಎಂದರು ಬೀಗರು. ಹುಳಿ ಎಂದೆ ನಾನು. ಬೆಳಿಗ್ಗೆ ಇಳಿಸಿದ ಶಿಂದಿ ಸಂಜೆಗೆ ಹುಳಿಯಾಗುತ್ತದೆ; ಅವರು ಬೆಳಗಿನ ಗಿರಾಕಿ, ನಾನು ಸಂಜೆಯವನು.

"ಮತ್ತ ಜಗಳಾ ಮಾಡಾಕತ್ತೀರಿ," ಎಂದರು ಅಕ್ಕ.

ಎಳನೀರು ಎನ್ನೋಣವೆಂದರೆ ಅಲ್ಲ, ಹಳೆ ಮಜ್ಜಿಗೆ ಎಂದರೂ ಅಲ್ಲ. ಫರ್ಮೆಂಟೇಶನ್ ಎಂದು ಹೇಳಿ ನೋಡಿದೆ. ಅದು ಕೆಮಿಸ್ಟ್ರಿಯಾಯಿತು, ರುಚಿಯಾಗಲಿಲ್ಲ. ಅಷ್ಟು ಗಡಿಗೆ ಖಾಲಿ ಮಾಡಿದ ಇಬ್ಬರು ಮುದುಕರ ನಾಲಿಗೆಗೆ ಒಂದು ಹೋಲಿಕೆ ಹೊಳೆಯಲಿಲ್ಲ.

ಭಾನುವಾರ ತೊಟ್ಟಿಲಿಗೆ ಬರುತ್ತೇನೆ, ಅಷ್ಟರೊಳಗೆ ಯೋಚಿಸಿ ಹೇಳಿ ಎಂದಿದ್ದಾರೆ ಅಕ್ಕ. ಊರಿಗೆ ಬಂದು ಮಾಳಿಗೆಯ ಮೇಲೆ ಕೂತು ಅದನ್ನೇ ಯೋಚಿಸುತ್ತ ಇದನ್ನು ಬರೆಯುತ್ತಿದ್ದೇನೆ... ಅರೆ, ಬೆಳಕು ಹೋಗುತ್ತಿದೆ, ಅಕ್ಷರವೂ ಮಸುಕಾಗುತ್ತಿದೆ.

ನಿಮ್ಮಲ್ಲಿ ಕುಡಿದವರು ಯಾರಾದರೂ ಇದ್ದರೆ, ಯಾವ ಬಾಗಿಲಿನಿಂದ ಹೋದಿರೆಂದು ನಾನು ಕೇಳುವುದಿಲ್ಲ, ಅದರ ರುಚಿ ಹೇಗಿತ್ತೆಂದು ಅಕ್ಕನಿಗೆ ತಿಳಿಯುವಂತೆ ಒಂದು ಮಾತು ಬರೆಯುತ್ತೀರಾ?