ತಿಪ್ಪವ್ವನ ಪರಕರ

ಶಾವಿಗೆ ಹೊಸೆಯುತ್ತ ಕುಳಿತಿದ್ದೆ. ಟಪಾಲಿನವನು ಹೊಸ್ತಿಲ ಮೇಲೆ ಕಾರ್ಡು ಇಟ್ಟುಹೋದ. ಮೂಲೆ ಹರಿದಿತ್ತು, ಅಂದಮೇಲೆ ಸಾವಿನ ಸುದ್ದಿಯೇ. ಹಿಟ್ಟಿನ ಕೈಯಲ್ಲೇ ಓದಿದೆ. ಖಾನಾಪುರದಲ್ಲಿ ನಮ್ಮ ಕಾಕು ತೀರಿಕೊಂಡಿದ್ದಳು. ರಕ್ತಸಂಬಂಧವೇನಲ್ಲ, ಸಾವಿರದ ಒಂಬೈನೂರ ಇಪ್ಪತ್ತರ ದಶಕದಲ್ಲಿ ವಡಗಾವಿಯಲ್ಲಿ ನಮ್ಮ ಬಾಜೂ ಮನೆಯಾಕೆ...

ಕಾಕುವಿಗೆ ಎರಡು ಗಂಡುಕೂಸು ಹುಟ್ಟಿ ಹೋಗಿದ್ದವು. ಮೂರನೆಯದನ್ನಾದರೂ ಯಮನ ಕಣ್ಣಿನಿಂದ ಉಳಿಸಿಕೊಳ್ಳಲು ದೇವಿಗೆ ಹರಕೆ ಹೊತ್ತು, ಐದು ವರ್ಷ ತುಂಬುವತನಕ ಮಗನನ್ನು ಹೆಣ್ಣಾಗಿ ಬೆಳೆಸಿದಳು. ಮೂಗುಬೊಟ್ಟು, ಹೆರಳು, ಕಾಲು ಮುಚ್ಚುವ ಪರಕರ. ಹೆಸರು ತಿಪ್ಪವ್ವ; ತಿಪ್ಪೆಯ ಮೇಲಿನದನ್ನು ಯಾರು ಒಯ್ದಾರು ಅಂತ. ಓಣಿಗೆಲ್ಲ ಗುಟ್ಟು ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ: ಯಮ, ಮತ್ತು ತಿಪ್ಪವ್ವ. ಗೊಂಬೆಯ ಮದುವೆಯಲ್ಲಿ ಬೀಗತಿಯಾಗಿ ಜಗಳ ತೆಗೆಯಲು ಅವಳೇ ಮುಂದು.

ಐದು ತುಂಬಿದಾಗ ಹರಕೆ ಒಪ್ಪಿಸಲು ಕಾಕು ತವರೂರು ಖಾನಾಪುರಕ್ಕೆ ಹೊರಟಳು. ಏಳು ವರ್ಷದ ನಾನೂ ಜೋಡಿ ರೈಲು ಹತ್ತಿದೆ. ದೇಸೂರ ದಾಟುವಾಗ ಕಾಕು ಅಂದಳು, "ನಾಳಿಂದ ಇಕಿ ತಿಪ್ಪಣ್ಣ ಆಗ್ತಾಳ. ಸಾಲಿಗೆ ಹೋಗ್ತಾಳ."

ನಾನು ಕಿಟಕಿ ಬಿಟ್ಟು ಕಾಕುವಿನ ಕಡೆ ತಿರುಗಿದೆ. ಸಾಲಿಗೆ ಹೋಗಿ ಅಕ್ಷರ ಕಲಿಯಬೇಕೆಂದು ಅತ್ತತ್ತು ಸಾಕಾಗಿತ್ತು. ಹುಡುಗಿಗೆ ಸಾಲಿ ಯಾಕೆ ಅಂತ ಅಪ್ಪ ಗದರಿಸಿದ್ದ. ಹುಡುಗ ಆಗುವುದು ಇಷ್ಟು ಸುಲಭ ಅಂತ ನನಗೆ ಯಾರೂ ಹೇಳಿರಲಿಲ್ಲ!

ಗುಡಿಯ ಮುಂದೆ ತಿಪ್ಪವ್ವನ ಹೆರಳು ತೆಗೆದರು, ಮೂಗುಬೊಟ್ಟು ಬಿಚ್ಚಿದರು, ಅಂಗಿ ಟೋಪಿ ಹಾಕಿದರು. ಊರಿಗೆಲ್ಲ ಕೇಳುವಂತೆ ಅರಚಾಟ. "ನಾ ಹುಡುಗಿ ಅದೀನಿ! ನನ್ನ ಪರಕರ ಕೊಡ್ರಿ!"

ಅಷ್ಟರಲ್ಲಿ ನಾನು ಮೂಗುಬೊಟ್ಟು ಬಿಚ್ಚಿಕೊಂಡು ಕ್ಷೌರಿಕನ ಮುಂದೆ ತಲೆ ಬಗ್ಗಿಸಿ ಕುಳಿತಿದ್ದೆ. "ನನ್ನೂ ಹುಡುಗನ್ನ ಮಾಡ್ರಿ. ನನ್ನ ಪರಕರ ಅಕಿಗೇ ಕೊಟ್ಟುಬಿಡ್ರಿ."

"ಅಕ್ಕಾರ, ಇವತ್ತ ಒಟ್ಟ ಎಷ್ಟು ಮಂದೀನ್ನ ಹುಡುಗರನ್ನ ಮಾಡೂದೈತ್ರಿ?" ಅಂದ ಆತ.

ಕಾಕು ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ಮುಖ ನೋಡಿ, ನನ್ನ ಮೂಗುಬೊಟ್ಟನ್ನು ತಾನೇ ಮತ್ತೆ ಹಾಕಿದಳು...

ಊರಿಗೆ ಮರಳಿದ ಮೇಲೆ ತಿಪ್ಪಣ್ಣ ಮನೆಯ ಕಂಬ ಅಪ್ಪಿ ಹಿಡಿದ. ಗೆಳತಿ ನಾನು ಜೋಡಿ ಬಂದರಷ್ಟೇ ಸಾಲಿ. ಕಾಕು ಅಪ್ಪನ ಮುಂದೆ ಸೆರಗು ಹೊದ್ದು ನಿಂತಳು. "ಅಣ್ಣಾರ, ನಿಮ್ಮ ಮಗಳು ಜೋಡಿ ಇಲ್ದ ಇಂವ ಹೋಗವಲ್ಲರಿ. ಹರಕಿ ಕೂಸು. ಅಳಿಸಿದ್ರ ದೇವಿ ಸಿಟ್ಟಾಗ್ತಾಳ."

ದೇವಿಗೆ ಅಪ್ಪ ಎದುರಾಡುವವನಲ್ಲ. "ಆತು, ಸಾಲಿತನಕ ಬಿಟ್ಟು ಬರ್ಲಿ" ಅಂದ.

ಬಿಟ್ಟು ಬರಲು ನನಗೆ ನಾಲ್ಕು ವರ್ಷ ಹಿಡಿಯಿತು.

"ಯಮಗ ಐದು ವರ್ಷ ಪರಕರ ತೋರ್ಸೀನಿ," ಅಂತಿದ್ದಳು ಕಾಕು, ನನ್ನ ಹೆರಳು ಬಿಗಿಯುತ್ತ. "ನಿಮ್ಮಪ್ಪ ಯಾವ ದೊಡ್ಡಾಂವ?"

ಕಾರ್ಡನ್ನು ಮತ್ತೊಮ್ಮೆ ಓದಿದೆ. ಮೊಮ್ಮಕ್ಕಳನ್ನು ಕಂಡ ಗಂಡಸು, ಇನ್ನೂ ಅದೇ ವಾರೆ ಅಕ್ಷರ. "ಅವ್ವ ಹೋದಳು. ನರಳಲಿಲ್ಲ." ಕೆಳಗೆ ಸಹಿ: ತಿಪ್ಪವ್ವ.

ಕಡೆಗಾಲಕ್ಕೆ ಕಾಕುವಿನ ಮುಖ ನೋಡುವುದು ಆಗಲಿಲ್ಲ. ಇನ್ನೊಬ್ಬರ ಕೈಯಿಂದ ಓದಿಸಿಕೊಳ್ಳದೆ, ನಾನೇ ಓದಿಕೊಂಡು ಅಳುವಷ್ಟು ಅಕ್ಷರವನ್ನು ದೇವರು ಅವಳ ಕೈಯಿಂದ ಕೊಡಿಸಿದ್ದ. ಕಣ್ಣೊರೆಸಿಕೊಂಡೆ, ಮುಖಕ್ಕೆಲ್ಲ ಹಿಟ್ಟಾಯಿತು. ಕಣಕ ಒಣಗತೊಡಗಿತ್ತು. ನೀರು ಚಿಮುಕಿಸಿ, ನಾದಿ, ಮತ್ತೆ ಹೊಸೆಯಲು ಕುಳಿತೆ.